ಮೊದಲ ತಂಬಿಗೆ ನೀರು

“ಅಜ್ಜಾ, ನನ್ನ ಗುಳಿಗಿ ಕೊಡು.”

“ಮೊದಲ ರೊಟ್ಟಿ ತಿನ್ನು, ಆಮ್ಯಾಲ ಗುಳಿಗಿ.”

ಬೈಲಹೊಂಗಲದ ತನ್ನ ಮೋಟರ್ ರಿಪೇರಿ ಅಂಗಡಿಯಲ್ಲಿ ಸುಟ್ಟ ತಂತಿ ಬಿಚ್ಚುತ್ತ ಕೂತಿದ್ದ ನಿಜಗುಣಪ್ಪ ಮೊಮ್ಮಗಳ ಮುಖ ಕೂಡ ನೋಡಲಿಲ್ಲ. ಗುಳಿಗೆಯ ಪಾಕೀಟು ಅವನ ಅಂಗಿಯ ಕಿಸೆಯಲ್ಲಿತ್ತು. ಬೆಳಿಗ್ಗೆ ಮನೆಯಿಂದ ಹೊರಡುವಾಗ ಯಾರಿಗೂ ಹೇಳದೆ ಎತ್ತಿಕೊಂಡು ಬಂದಿದ್ದ. ಅದನ್ನು ಹುಡುಕಿಕೊಂಡು ನಾಗರತ್ನಾ ಬಿಸಿಲಲ್ಲಿ ನಡೆದೇ ಬಂದಿದ್ದಳು. ಹದಿನೇಳರ ಹುಡುಗಿ, ಆರು ತಿಂಗಳಲ್ಲಿ ಕಡ್ಡಿಯಾಗಿದ್ದಳು. ದಪ್ಪಗಾಗುತ್ತೇನೆಂಬ ಹೆದರಿಕೆ ತಲೆಯೊಳಗೆ ಹೊಕ್ಕಿದ್ದೇ ಹೊಕ್ಕಿದ್ದು, ತಾಟಿನ ಮುಂದೆ ಕೂತರೆ ತುತ್ತು ಮೇಲೇಳುತ್ತಿರಲಿಲ್ಲ.

ಧಾರವಾಡದ ಡಾಕ್ಟರು ಅದಕ್ಕೆ ಅನೊರೆಕ್ಸಿಯಾ ಎಂದಿದ್ದರು. ಮನಸ್ಸನ್ನು ಸಮಾಧಾನದಲ್ಲಿಡುವ ರಾಸಾಯನಿಕಗಳನ್ನು ಮೆದುಳು ತಿಂದ ಅನ್ನದಿಂದಲೇ ತಯಾರಿಸಿಕೊಳ್ಳಬೇಕು, ಗುಳಿಗೆ ಒಳಗಿನ ಗದ್ದಲವನ್ನು ತುಸು ತಗ್ಗಿಸೀತು, ಅನ್ನದ ಕೆಲಸ ಮಾಡಲಾರದು ಎಂದು ವಿವರಿಸಿದ್ದರು. ಮನೆಯ ಉಳಿದವರಿಗೆ ಏನು ತಿಳಿಯಿತೋ ಬಿಟ್ಟಿತೋ, ನಲವತ್ತು ವರ್ಷ ಮೋಟರ್ ಬಿಚ್ಚಿದ ನಿಜಗುಣಪ್ಪನಿಗೆ ಮಾತ್ರ ಎಲ್ಲವೂ ತಿಳಿದುಹೋಯಿತು. ಎಡವಟ್ಟಾದದ್ದೇ ಅಲ್ಲಿ.

“ನೀರಿಲ್ಲದ ಬೋರಿನ್ಯಾಗ ಮೋಟರ್ ಚಾಲೂ ಮಾಡಿದ್ರ ಏನಾಗತೈತಿ?” ಕರಕಲಾದ ತಂತಿಯ ಸುರುಳಿಯನ್ನು ಅವಳ ಮೂಗಿನ ಮುಂದೆ ಹಿಡಿದ. “ಹಿಂಗಾಗತೈತಿ ನೋಡು. ನೇಸರಗಿ ಬಸವಣ್ಣೆಪ್ಪನ ಮೋಟರಿದು. ಖಾಲಿ ಹೊಟ್ಟಿಗೆ ಗುಳಿಗಿ ಕೊಟ್ಟು ನಿನ್ನ ತಲೀನೂ ಸುಡಸ್ಲೇನು?”

“ಗುಳಿಗಿ ಒಂದಿನಾನೂ ಬಿಡಬ್ಯಾಡ ಅಂದಾರ ಡಾಕ್ಟರು.”

“ಊಟಾನೂ ಬಿಡಬ್ಯಾಡ ಅಂದಾರ. ಅದನ್ನಷ್ಟ ಮರತಿ?”

ನಾಗರತ್ನಾ ಸ್ಟೂಲಿನ ಮೇಲೆ ಕುಸಿದು ಕೂತಳು. ಕಣ್ಣು ತುಂಬಿದ್ದವು. “ತುತ್ತ ಎತ್ತಿದ್ರ ಒಳಗ ಒಂದ ದನಿ ಬ್ಯಾಡ ಬ್ಯಾಡ ಅಂತೈತಿ ಅಜ್ಜಾ. ಗುಳಿಗಿ ತಗೊಂಡ್ರ ಅದು ಸ್ವಲ್ಪ ಸಣ್ಣಾಗತೈತಿ. ಅದರ ಧೈರ್ಯಾದ ಮ್ಯಾಲ ಹತ್ತು ದಿನದಿಂದ ಅರ್ಧಾ ರೊಟ್ಟಿ ತಿನ್ನಾಕ ಹತ್ತೇನಿ. ನೀ ಅದನ್ನ ಕಿಸೇದಾಗ ಇಟಗೊಂಡ್ರ ನಾ ಹೆಂಗ ತಿನ್ನಲಿ?”

ನಿಜಗುಣಪ್ಪನ ಕೈ ನಿಂತಿತು. ತಿಂಗಳ ಹಿಂದೆ ಇದೇ ಹುಡುಗಿ ಗುಳಿಗೆಯನ್ನು ನಾಲಿಗೆಯಡಿ ಮುಚ್ಚಿಟ್ಟುಕೊಂಡು ಹಿತ್ತಿಲಲ್ಲಿ ಉಗುಳಿ ಬರುತ್ತಿದ್ದಳು. ಈಗ ಅದಕ್ಕಾಗಿಯೇ ಜಗಳಕ್ಕೆ ನಿಂತಿದ್ದಾಳೆ. ಅವನ ಜೀವ ಚುರ್ ಎಂದಿತು. ಆದರೂ ಮುದುಕನ ಹಟ, ಅಷ್ಟು ಸುಲಭಕ್ಕೆ ಬಿಟ್ಟೀತೇ?

“ಊಟಕ್ಕ ಗುಳಿಗಿ ಬೇಕು, ಗುಳಿಗಿಗೆ ಊಟ ಬೇಕು. ಯಾವದ ಮೊದಲ ಮಾಡೂಣು, ನೀನ ಹೇಳು.”

ಅವಳು ಮೂಲೆಯಲ್ಲಿದ್ದ ಹಳೆಯ ಬಾವಿ ಪಂಪಿನ ಕಡೆ ನೋಡಿದಳು. ಬೆಳೆದದ್ದೇ ಈ ಅಂಗಡಿಯಲ್ಲಿ. “ಆ ಪಂಪ್ ನೀರ ಎಳೀದಿದ್ರ ನೀ ಏನ ಮಾಡತಿದ್ದಿ? ಒಂದ ತಂಬಿಗಿ ನೀರ ಹಾಕಿ, ಆ ನೀರ ಇಳದ ಹೋಗೂದ್ರೊಳಗ ಸ್ವಿಚ್ ಒತ್ತತಿದ್ದಿ. ಮುಂದಿನ ನೀರ ಅದ ಎಳಕೊಂತಿತ್ತು.”

ನಿಜಗುಣಪ್ಪ ತನ್ನ ವಿದ್ಯೆಯಲ್ಲೇ ತನ್ನನ್ನು ಚಿತ್ ಮಾಡಿದ್ದಳಲ್ಲ ಎಂದು ಹಿಗ್ಗಿಹೋದ. ಕೈ ತೊಳೆದುಕೊಂಡು ತನ್ನ ಬುತ್ತಿ ಬಿಚ್ಚಿದ. ಒಂದು ಕೈಯಲ್ಲಿ ಗುಳಿಗೆ, ಇನ್ನೊಂದು ಕೈಯಲ್ಲಿ ಎಣಗಾಯಿ ಹಚ್ಚಿದ ರೊಟ್ಟಿಯ ಚೂರು.

“ಹಿಡಿ ಯವ್ವಾ, ಎರಡೂ ಕೂಡೇನ ಆಗ್ಲಿ.”

ಕೊಟ್ಟವನೇ ಬುತ್ತಿಯನ್ನು ಅವಳತ್ತ ಸರಿಸಿ ಬೆನ್ನು ತಿರುಗಿಸಿ ಕೂತ. ಅವಳ ತುತ್ತು ಎಣಿಸುವ ಕಣ್ಣುಗಳು ಮನೆಯಲ್ಲಿ ಬೇಕಾದಷ್ಟಿದ್ದವು. ಅವನು ಬರೀ ಕಿವಿಗೊಟ್ಟ. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಒಮ್ಮೆ ಕಟಕ್ ಎಂದಿತು ರೊಟ್ಟಿ. ತುಸು ತಡೆದು ಮತ್ತೊಮ್ಮೆ, ಮಗದೊಮ್ಮೆ. ತಡೆಯಲಾರದೆ ತಿರುಗಿ ನೋಡಿದರೆ ಒಂದು ರೊಟ್ಟಿ ಪೂರ್ತಿ ಖಾಲಿ, ಕೈ ಎರಡನೆಯದರ ಮೇಲಿತ್ತು.

ಒಂದು ಗಂಟೆಗೆ ಊಟ ತಪ್ಪಿದರೆ ಊರೆಲ್ಲ ಒಂದು ಮಾಡುವ ಮನುಷ್ಯ ಹಸಿವು ಮರೆತು ಹೆಂಡತಿಗೆ ಫೋನ್ ಹಚ್ಚಿದ. “ದೇವಕ್ಕಾ, ನಾಳಿಂದ ಬುತ್ತಿಗೆ ಎರಡ ರೊಟ್ಟಿ ಹೆಚ್ಚ ಕಟ್ಟು.”

“ಯಾಕ್ರಿ?”

ಹೇಳಬೇಡ ಎಂದು ನಾಗರತ್ನಾ ಗಾಬರಿಯಿಂದ ಕೈ ಆಡಿಸಿದಳು.

“ಯಾಕೋ ನನಗ ಹಸಿವಿ ಹೆಚ್ಚಾಗೇತಿ.”

“ಎಪ್ಪತ್ತರಾಗ ಹಸಿವಿ ಹೆಚ್ಚಾತಂದ್ರ ತಲ್ಯಾಗ ಏನರ ಕೆಟ್ಟಿರಬೇಕು. ಮುಂದಿನ ಸಲ ಧಾರವಾಡಕ್ಕ ನೀವೂ ನಡೀರಿ, ಆ ಡಾಕ್ಟರಿಗೆ ನಿಮ್ಮನ್ನೂ ತೋರಸೂಣು.”

ಫೋನಿನಾಚೆಯ ಅಜ್ಜಿಯ ಜೋರು ದನಿ ಕೇಳಿ ನಾಗರತ್ನಾಗೆ ನಗು ಉಕ್ಕಿತು. ಜೋರಾಗಿ ನಗಬೇಕೆಂದರೆ, ಬಾಯಿ ತುಂಬ ರೊಟ್ಟಿಯಿತ್ತು.