ಕೆಂಪು ಇಳಿಸಿದ ಹನಿ

ಒಣದ್ರಾಕ್ಷಿಯ ಡಬ್ಬಿಯಿಂದ ಗಂಧಕದ ವಾಸನೆ ಬಂದರೆ ಈಗಲೂ ನನ್ನ ಕೈ ಎಡಗಣ್ಣಿಗೆ ಹೋಗುತ್ತದೆ.

ಆ ಮಧ್ಯಾಹ್ನ ಹೊನವಾಡದ ನಮ್ಮ ಶೆಡ್ಡಿನಲ್ಲಿ ಅಜ್ಜಿ ಒಣದ್ರಾಕ್ಷಿ ಆರಿಸುತ್ತಿದ್ದಳು. ಕೀವು ತುಂಬಿದ್ದ ನನ್ನ ಕಣ್ಣಿಗೆ ಅಪ್ಪ ಡಾಕ್ಟರನ್ನು ಕೇಳದೆ ವಿಜಯಪುರದ ಔಷಧದ ಅಂಗಡಿಯಿಂದ ಹನಿ ತಂದು ಹಾಕಿದ್ದ. ಒಂದೇ ದಿನಕ್ಕೆ ಕೆಂಪು ಇಳಿದಿತ್ತು.

"ಎರಡು ಔಷಧ ಕೂಡಿಸಿದ್ದು ಯವ್ವಾ, ಒಂದು ಕೀವಿಗೆ, ಒಂದು ಕೆಂಪಿಗೆ. ಆರಾಮ ಆಗೇತಿ, ಇನ್ನ ಸಾಕು," ಅಂದ ಅಪ್ಪ.

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ನನ್ನ ರೆಪ್ಪೆ ಎತ್ತಿದಳು. ಒರೆಸಿದರೂ ಬೆರಳು ಗಂಧಕ ನಾರುತ್ತಿತ್ತು.

"ಗಂಧಕದ ಹೊಗಿ ಕೊಟ್ರ ಕೊಳತ ಹಣ್ಣೂ ಚಂದ ಕಾಣ್ತೈತಿ. ಕೆಂಪಿನ ಔಷಧ ಕೆಲಸ ಮಾಡೇತಿ. ಕೀವಿಂದು ಮಾಡೇತೇನು?"

ಅಪ್ಪ ನಕ್ಕ.

ಮರುದಿನ ಕೀವು ಮೆತ್ತಿಕೊಂಡು ನನ್ನ ಕಣ್ಣು ತೆರೆಯಲೇ ಇಲ್ಲ. ಅಜ್ಜಿ ಒದ್ದೆ ಅರಿವೆಯಿಂದ ರೆಪ್ಪೆ ಬಿಡಿಸಿದಳು. ನನ್ನನ್ನು ಕರೆದುಕೊಂಡು ದವಾಖಾನೆಗೆ ಬಸ್ಸು ಹಿಡಿಯಲು ಹೊರಟ ಅಪ್ಪ ಅಂಗಿಯ ಗುಂಡಿಗಳನ್ನು ತಪ್ಪು ತಪ್ಪಾಗಿ ಹಾಕಿಕೊಂಡಿದ್ದ.