ಬಳ್ಳಿಯಕ್ಷರ

"ಚೆನ್ನಾಗಿದೆ. ಯಾರು ಬರೆದಿದ್ದು, ನೀವೇನಾ?" ಎಂದು ಅಮ್ಮ ಮರ್ಯಾದೆಯಿಂದ ಕೇಳಿದಳು. ಮಗಳು ಹೂಂಗುಟ್ಟಿದಳು. ಮರೆವು ಬಂದ ಎರಡು ವರ್ಷದಿಂದ ಅಮ್ಮನಿಗೆ ಅವಳು 'ನೀವು'.

ಅಮ್ಮ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿದವಳು. ಅಲ್ಲಿ ಮದುವೆಯ ಕರೆಯೋಲೆಗೆಂದೇ ಬಳ್ಳಿಯಕ್ಷರವಿತ್ತು. ಅದರ ತಲೆಕಟ್ಟಿನ ತುದಿಯಲ್ಲಿ ಚಿಗುರು, ಕೊಂಬಿನಲ್ಲಿ ಸುರುಳಿ, ಒತ್ತಕ್ಷರದಡಿ ಒಂದು ಮೊಗ್ಗು. ಹಳೆಯ ಕರೆಯೋಲೆಗಳನ್ನು ಗುಡ್ಡೆ ಹಾಕಿಕೊಂಡು ಮಗಳು ಅದನ್ನೇ ಕಂಪ್ಯೂಟರಿನಲ್ಲಿ ಫಾಂಟಾಗಿ ಬರೆದು, ಅಕ್ಷರಮಾಲೆಯನ್ನು ಒಂದು ಹಾಳೆಯಲ್ಲಿ ಮುದ್ರಿಸಿ ತಂದಿದ್ದಳು. ಅಕ್ಷರದ ಗುರುತು ಹತ್ತಿದರೆ ತನ್ನ ಗುರುತೂ ಹತ್ತೀತೆಂಬ ಆಸೆ ಅವಳಿಗೆ. ಅಮ್ಮ ಮಾತ್ರ ಆ ಹಾಳೆಯನ್ನು ನೆಂಟರ ಮನೆಯ ಕೂಸಿನಂತೆ ಮುದ್ದಾಗಿ ನೋಡಿ, ವಾಪಸು ಕೊಟ್ಟುಬಿಟ್ಟಳು.

ಮಗಳು ಬೇಸರದಲ್ಲಿ ಹಾಳೆಯನ್ನು ಮಗುಚಿ ಕಿಟಕಿಯ ಗಾಜಿಗೆ ಒರಗಿಸಿದಳು. ಹಿಂದಿನಿಂದ ಬಿಸಿಲು ತೂರಿತು. ಬಳ್ಳಿಗಳೆಲ್ಲ ಎಡಬಲ ಅದಲುಬದಲಾಗಿ, ನೀರೊಳಗಿನ ಪಾಚಿಯಂತೆ ತೇಲಿದವು. ಅಚ್ಚಿನ ಮೊಳೆಯಲ್ಲಿ ಅಕ್ಷರ ಯಾವಾಗಲೂ ತಿರುವುಮುರುವು. ಅಮ್ಮ ಮೂವತ್ತು ವರ್ಷ ಕಂಡಿದ್ದು ಆ ಮುಖವನ್ನೇ. ಅವಳ ಬಲಗೈ ಮೆಲ್ಲಗೆ ಎದ್ದಿತು. ಗಾಳಿಯಿಂದ ಒಂದೊಂದೇ ಮೊಳೆ ಹೆಕ್ಕಿ ಎಡ ಅಂಗೈಗೆ ಇಳಿಸತೊಡಗಿತು. ಅ, ಆ, ಇ ಎಂದು ಸರಸರನೆ ಸಾಗಿದ ಬೆರಳು 'ಳ' ಹತ್ತಿರ ಬಂದು ಗಕ್ಕನೆ ನಿಂತಿತು.

"ಏನೇ ಇದು? 'ಳ' ಬಾಲ ಮುರಿದಿತ್ತು ಕಣೇ! ಯಾರನ್ನ ಕೇಳಿ ಸರಿಮಾಡ್ದೆ ನೀನು?"

ಮಗಳು ಅಮ್ಮನ ಕಾಲ ಬುಡದಲ್ಲಿ ಕೂತುಬಿಟ್ಟಳು.

"ತಪ್ಪಾಯ್ತಮ್ಮ," ಎಂದಳು. "ಇನ್ನೊಂದ್ಸಲ ಬೈಯಿ."