ಟೇಬಲ್ ಹದಿನಾಲ್ಕರಲ್ಲಿ ನಿಲುಗಡೆ

ರೈಲು ಬಂದು ಸರಿಯಾಗಿ ದಕ್ಷಿಣಾಮೂರ್ತಿಯವರ ಎದುರಿಗೇ ನಿಂತಿತು. ಮೊಳದುದ್ದದ ಎಂಜಿನ್ನು, ಕೊಂಡಪಲ್ಲಿ ಬೊಂಬೆಯ ಹಾಗೆ ಕೆಂಪು ಹಳದಿ ಬಳಿದದ್ದು. ಅದರ ಬೆನ್ನಿಗೆ ನಾಲ್ಕು ಬೋಗಿ: ಅನ್ನ, ತೊವ್ವೆಯಂಥ ಪಪ್ಪು, ಗೋಂಗೂರ ಸೊಪ್ಪಿನ ಚಟ್ನಿ, ತುಪ್ಪ. ಟೇಬಲುಗಳ ಅಂಚಿಗೆ ಹಾಸಿದ ಹಳಿಯ ಮೇಲೆ ಅಡುಗೆಮನೆಯಿಂದ ಓಡಿಬಂದದ್ದು, ಟೇಬಲ್ ಹದಿನಾಲ್ಕಕ್ಕೆ ಬಂದು ಪೀ ಎಂದು ಕೂಗಿ, ಹಣೆಯ ದೀಪ ಮಿಣುಕಿಸುತ್ತಾ ಪಾತ್ರೆ ಎತ್ತಿಕೊಳ್ಳಲಿ ಎಂದು ಕಾಯತೊಡಗಿತು. ದಕ್ಷಿಣಾಮೂರ್ತಿಯವರು ಎತ್ತಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತರು.

ಗುರುದತ್ತನಿಗೆ ಏಸಿಯಲ್ಲೂ ಬೆವರು ಕಿತ್ತುಬಂತು. ಹುಡುಗನನ್ನು, ಎಂದರೆ ಅವನನ್ನೇ, ನೋಡಲೆಂದು ಅವರು ಮಗಳು ಹಾರಿಕಾಳೊಂದಿಗೆ ಬೆಜವಾಡದಿಂದ ಬಂದು ದುವ್ವಾಡದಲ್ಲಿ ಇಳಿದಿದ್ದರು. ಇಳಿಯುವ ಮೊದಲೇ ಹಾರಿಕಾ ಫೋನಿನಲ್ಲಿ ಎಚ್ಚರಿಸಿದ್ದಳು: "ಸಂಬಂಧ ಒಪ್ಪೋವರೆಗೂ ಹುಡುಗನ ಕಡೆ ಅನ್ನ ಮುಟ್ಟೋದಿಲ್ಲ ನಮ್ಮ ನಾನ್ನ. ಒಂದು ತುತ್ತು ತಿಂದ್ರೆ ಸರಿ ಅಂತ. ತಿನ್ನದೆ ಎದ್ರೆ ಅಷ್ಟೇ. ಬಾಯಲ್ಲಿ ಮಾತ್ರ ಏನೂ ಹೇಳಲ್ಲ."

ಅದಕ್ಕೆಂದೇ ಗುರುದತ್ತ ಸಮುದ್ರದಂಡೆಯ ಈ ಥೀಮ್ ಪಾರ್ಕ್ ರೆಸಾರ್ಟನ್ನು ಆರಿಸಿದ್ದ. ಪರವಾಡದ ಔಷಧ ಕಾರ್ಖಾನೆಗೆ ಕೆಲಸಕ್ಕೆ ಬಂದ ಹೊಸದರಲ್ಲಿ ಅವನು ಇಲ್ಲಿ ಉಂಡಿದ್ದ. ಬಡಿಸುವವರು ಅಂಥಿಂಥವರಲ್ಲ. ಎಲೆಯ ಮೇಲೆ ಅಡ್ಡ ಕೈ ಹಿಡಿದರೆ ಬೆರಳ ಸಂದಿಯಲ್ಲೇ ಪಪ್ಪು ಸುರಿಯುವ ಜಾತಿ. ಎಂಥ ಹಟಮಾರಿಯೂ ಅವರ ಕೈಯಲ್ಲಿ ಎರಡು ತುತ್ತು ಉಣ್ಣದೆ ಏಳಲಾರ ಎಂಬುದು ಅವನ ಲೆಕ್ಕ. ಆದರೆ ರೆಸಾರ್ಟು ರಿಪೇರಿಗೆಂದು ವರ್ಷವಿಡೀ ಬಾಗಿಲು ಹಾಕಿಕೊಂಡಿದ್ದು, ಹೋದ ವಾರವಷ್ಟೇ ತೆರೆದಿತ್ತು. ಜಯಂಟ್ ವೀಲು, ನೀರಿನ ಜಾರುಬಂಡಿ ಎಲ್ಲ ಇದ್ದಲ್ಲೇ ಇದ್ದವು. ಬಡಿಸುವವರೇ ಇರಲಿಲ್ಲ. ಫೋನಿನಲ್ಲಿ ಹೇಳಿದರೆ ರೈಲು ತರುತ್ತದೆ. ರೈಲು ಬಲವಂತ ಮಾಡುವುದಿಲ್ಲ.

"ಸಾರ್, ಪಾತ್ರೆ ನಾವೇ ಎತ್ತಿಕೋಬೇಕಂತೆ," ಎಂದ ಗುರುದತ್ತ. "ಎತ್ತಿದ ಮೇಲೇನೇ ಅದು ಹೊರಡೋದು."

ಹಿಂದೆ ಇನ್ನೊಂದು ರೈಲು ಬಂದು ತಡೆದು ನಿಂತಿತು. ಪಕ್ಕದ ಟೇಬಲಿನ ಹೆಂಗಸು ಕತ್ತು ಚಾಚಿ, "ಏಮಂಡೀ, ಮಾ ಪೂರೀಲು ಆಗಿಪೋಯಾಯಂಡೀ!" ಎಂದಳು. ಅವಳ ಪೂರಿಗಳು ಆ ಎರಡನೆಯ ರೈಲಿನಲ್ಲಿ ಸಿಕ್ಕಿಬಿದ್ದು ಉಬ್ಬು ಕಳೆದುಕೊಳ್ಳುತ್ತಿದ್ದವು.

"ನಾನ್ನಾ, ಹಿಂದೆ ಎಲ್ಲಾ ನಿಂತುಬಿಟ್ಟಿದೆ ಚೂಡು," ಎಂದಳು ಹಾರಿಕಾ.

ಗುರುದತ್ತ ತಾನೇ ಎತ್ತಿಬಿಡೋಣವೆಂದು ಕೈ ಚಾಚಿದ. ದಕ್ಷಿಣಾಮೂರ್ತಿಯವರು ಅವನ ಮಣಿಕಟ್ಟು ಹಿಡಿದರು. "ಇರಯ್ಯಾ. ಮುಟ್ಟಬ್ಯಾಡ."

ಮುಗಿಯಿತು ಎಂದುಕೊಂಡ ಗುರುದತ್ತ. ಆಮೇಲೆ ಅವರ ಮುಖ ನೋಡಿದ. ಹಟದ ಮುಖವಲ್ಲ ಅದು. ಗರ್ಭಗುಡಿಯ ಪರದೆ ಸರಿದಾಗ ಜನ ಹಾಗೆ ನೋಡುತ್ತಾರೆ.

"ನಿಂತೈತಲ್ಲಯ್ಯಾ," ಎಂದರು ಅವರು, ದನಿ ತಗ್ಗಿಸಿ. ತಾಯಿಯಿಂದ ಬಂದ ಬಳ್ಳಾರಿ ಕನ್ನಡ, ಬೆಜವಾಡದಲ್ಲಿ ಇಷ್ಟು ವರ್ಷ ಬಳಸದೆ ಇಟ್ಟದ್ದು. "ಕೊಂಡಪಲ್ಲಿ ಆಚೆ ಒಂದು ಸಣ್ಣ ಸ್ಟೇಷನ್ನಿಗೆ ನಾನು ಮಾಸ್ಟರು. ಸರ್ವೀಸೆಲ್ಲಾ ಹಸಿರು ಬಾವುಟ ಹಿಡಕೊಂಡು ನಿಂತೆ. ದೊಡ್ಡ ದೊಡ್ಡ ಎಕ್ಸ್‌ಪ್ರೆಸ್ಸು, ಮಖಕ್ಕೆ ಧೂಳು ಹೊಡಕೊಂಡು ಹೋಗೋವು. ಒಂದು ದಿನಾನೂ, ಒಂದೇ ಒಂದೂ, ನಮ್ಮ ಹತ್ರ ನಿಂತಿದ್ದಿಲ್ಲ. ಇದು ನೋಡು, ನಾ ಕುಂತಲ್ಲಿಗೇ ಬಂದು ಕಾಯಕ್ಕತ್ತೈತಿ."

"ಅಂಡೀ, ಪೂರೀಲು!" ಎಂದಳು ಪಕ್ಕದವಳು.

ಅಷ್ಟರಲ್ಲಿ ಅಡುಗೆಮನೆಯ ಬಾಯಲ್ಲಿ ಮೂರನೆಯ ರೈಲು ಪೀ ಎಂದಿತು. ದಕ್ಷಿಣಾಮೂರ್ತಿಯವರ ಕಿವಿ ನಿಮಿರಿತು. ತಮ್ಮಿಂದಾಗಿ ಹಿಂದಿನ ಗಾಡಿ ತಡವಾಗುವುದು ಆ ಮನುಷ್ಯನ ಮೈಗೆ ಒಗ್ಗದ ಸಂಗತಿ. ಅವರು ಪಾತ್ರೆಗಳನ್ನು ಒಂದೊಂದಾಗಿ, ಎರಡೂ ಕೈಯಿಂದ, ಬೋಗಿಯಿಂದ ಮಕ್ಕಳನ್ನು ಇಳಿಸಿಕೊಳ್ಳುವ ಹಾಗೆ ಇಳಿಸಿಕೊಂಡರು. ತುಪ್ಪದ ಬಟ್ಟಲು ಇಳಿದದ್ದೇ ಎಂಜಿನ್ನು ಕೂಗಿತು. ಅವರು ಎದ್ದು ನಿಂತರು. ಬೆನ್ನು ನೆಟ್ಟಗೆ, ಒಂದು ಕೈ ಮುಂದಕ್ಕೆ ಚಾಚಿ, ಕೊನೆಯ ಬೋಗಿ ಕಂಬದ ತಿರುವಿನಲ್ಲಿ ಮರೆಯಾಗುವವರೆಗೂ ಹಾಗೇ ನಿಂತಿದ್ದರು. ಹಿಂದಿನಿಂದ ಪೂರಿಯ ರೈಲು ಹಾದುಹೋಯಿತು. ಅದಕ್ಕೂ ಅದೇ ಮರ್ಯಾದೆ. ಪಕ್ಕದ ಹೆಂಗಸು ಪೂರಿ ಎತ್ತಿಕೊಳ್ಳುವುದನ್ನು ಮರೆತು ಇವರನ್ನೇ ನೋಡುತ್ತಿದ್ದಳು.

ಕೂತ ಮೇಲೆ ಅವರೇ ಬಡಿಸಿದರು. ಮಗಳಿಗೆ, ಗುರುದತ್ತನಿಗೆ, ಆಮೇಲೆ ತಮ್ಮ ತಟ್ಟೆಗೆ. ನೀವೂ ತಗೊಳ್ಳಿ ಸಾರ್ ಎಂಬ ಮಾತು ಗುರುದತ್ತನ ನಾಲಗೆಯ ತುದಿಗೆ ಬಂದಿತ್ತು. ಹಾರಿಕಾ ಟೇಬಲಿನ ಕೆಳಗೆ ಅವನ ಕಾಲು ತುಳಿದಳು. ದಕ್ಷಿಣಾಮೂರ್ತಿಯವರ ಕಣ್ಣು ಇನ್ನೂ ಹಳಿಯ ಮೇಲೆಯೇ ಇತ್ತು. ಬೆರಳುಗಳು ಮಾತ್ರ ತಮ್ಮ ಪಾಡಿಗೆ ತಾವು ಅನ್ನಕ್ಕೆ ಪಪ್ಪು ಕಲಸಿ, ತುಪ್ಪ ಬೆರೆಸಿ, ತುತ್ತು ಮಾಡಿದವು. ತುತ್ತು ಬಾಯಿಗೆ ಹೋಯಿತು. ಗುರುದತ್ತ, ಹಾರಿಕಾ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅವರು ನಿಧಾನವಾಗಿ ಅಗಿದರು, ನುಂಗಿದರು. ಊಟದ ಮನೆಯ ಈ ಮೂಲೆಯಿಂದ ಆ ಮೂಲೆಯವರೆಗೆ ಹಳಿಯ ಗುಂಟ ಒಮ್ಮೆ ಕಣ್ಣು ಹಾಯಿಸಿದರು.

"ಏನಪ್ಪಾ ಗುರುದತ್," ಎಂದರು, "ಇಲ್ಲಿ ಒಂದು ಪಂಕ್ತಿಗೆ ಎಷ್ಟು ಮಂದಿ ಕುಂದರಬಹುದು?"